ಕ್ರೋಮ್ ಫ್ರೇಮಿಗೆ ಆಸಿಡ್ ಸುರಿಯುವ ಮುನ್ನ

ಹಳೆಯ ಕ್ರೋಮ್ ಸೈಕಲ್‌ಗೆ ಬಣ್ಣ ಹೊಡೆಯಬೇಕು ಎಂದವರಿಗೆ ಮೊದಲು ಸಿಗುವ ಸಲಹೆ: ಟಾಯ್ಲೆಟ್ ಆಸಿಡ್ ಸುರಿಯಿರಿ, ಕ್ರೋಮ್ ತಾನಾಗಿ ಹೋಗುತ್ತದೆ. ಹೋಗುವುದೇನೋ ನಿಜ. ಹಾಗೆ ರಾತ್ರಿಯಿಡೀ ಆಸಿಡ್ಡಿನಲ್ಲಿ ನೆನೆಸಿ ಬಣ್ಣ ಹೊಡೆದ ಒಂದು ಲಗ್ ಫ್ರೇಮು (ಪೈಪುಗಳನ್ನು ಲಗ್ ಎಂಬ ಲೋಹದ ತೋಳುಗಳಲ್ಲಿ ತೂರಿಸಿ ಬೆಸೆದದ್ದು) ಒಂದೇ ಮಳೆಗಾಲದಲ್ಲಿ ಕೆಟ್ಟಿತು. ಲಗ್‌ಗಳ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿತು, ಪೆಡಲ್ ಆಕ್ಸಲ್ ಕೂರುವ ಬಾಟಮ್ ಬ್ರಾಕೆಟ್ ಅಡಿಯಿಂದ ಕಂದು ನೀರು ಒಸರಿತು. ಬಣ್ಣ ಕೆರೆದು, ಅಲ್ಲಿಂದ ಹಿಂಚಕ್ರಕ್ಕೆ ಹೋಗುವ ಚೈನ್ ಸ್ಟೇ ಪೈಪಿನ ಮೇಲೆ ಸ್ಕ್ರೂಡ್ರೈವರ್ ಒತ್ತಿದರೆ ತೂತು ಬಿತ್ತು. ಪೈಪಿನ ಹೊರಮೈ ಚೆನ್ನಾಗಿಯೇ ಇತ್ತು. ತುಕ್ಕು ತಿಂದದ್ದು ಒಳಗಿನಿಂದ.

ಕಾರಣ ಪ್ಲೇಟಿಂಗ್, ಅಂದರೆ ಉಕ್ಕಿನ ಮೇಲಿನ ಲೋಹದ ಲೇಪ, ಕೂತಿರುವ ರೀತಿಯಲ್ಲಿದೆ. ಮೇಲೆ ಕಾಣುವ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನಿಗೂ ತೆಳು. ಅದರ ಕೆಳಗೆ ಹತ್ತಾರು ಪಟ್ಟು ದಪ್ಪದ ನಿಕ್ಕಲ್, ಕೆಲವು ಫ್ರೇಮುಗಳಲ್ಲಿ ಅದರಡಿ ತಾಮ್ರ. ಟಾಯ್ಲೆಟ್ ಆಸಿಡ್ಡಿನಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್ ಕ್ರೋಮನ್ನು ಬೇಗ ಕರಗಿಸುತ್ತದೆ, ದ್ರಾವಣ ಹಸಿರಾಗುತ್ತದೆ. ನಿಕ್ಕಲ್ ಮೇಲೆ ಅದರ ಆಟ ಅಷ್ಟು ಸುಲಭವಾಗಿ ನಡೆಯದು. ನಿಕ್ಕಲ್ಲೂ ಹೊಳೆಯುತ್ತದೆ, ಸ್ವಲ್ಪ ಹಳದಿ ಛಾಯೆ ಅಷ್ಟೇ. ಆ ಛಾಯೆಯನ್ನು ಗುರುತಿಸದವರು ‘ಇನ್ನೂ ಹೋಗಿಲ್ಲ’ ಎಂದು ಮತ್ತಷ್ಟು ನೆನೆಸುತ್ತಾರೆ. ಪೈಪಿನ ಒಳಮೈಗೆ ಮಾತ್ರ ಪ್ಲೇಟಿಂಗ್ ಇರುವುದೇ ಇಲ್ಲವೆನ್ನಬಹುದು. ಗಾಳಿ ತೂತುಗಳಿಂದ ಒಳಹೊಕ್ಕ ಆಸಿಡ್ ಮೊದಲ ನಿಮಿಷದಿಂದಲೇ ಬರಿಯ ಉಕ್ಕನ್ನು ತಿನ್ನುತ್ತಿರುತ್ತದೆ. ಹಗುರ ಕ್ರೋಮೊಲಿ (ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ಉಕ್ಕು) ಫ್ರೇಮಾದರೆ ಪೈಪಿನ ನಡುಭಾಗದ ಗೋಡೆ 0.6 ಮಿ.ಮೀ. ದಪ್ಪ ಇದ್ದರೂ ಇದ್ದೀತು; ಅದರಲ್ಲಿ ಕಳೆದುಕೊಳ್ಳಲು ಏನಿದೆ?

ತೊಳೆದರೂ ಮುಗಿಯುವುದಿಲ್ಲ. ಲಗ್ ಸಂದಿನಲ್ಲಿ ಉಳಿದ ಕ್ಲೋರೈಡ್ ಉಪ್ಪು ಗಾಳಿಯ ತೇವ ಹೀರಿಕೊಂಡು ಬಣ್ಣದಡಿ ತುಕ್ಕು ಹಿಡಿಸುತ್ತದೆ. ಅಡುಗೆ ಸೋಡಾ ನೀರು ಆಸಿಡ್ಡನ್ನು ತಟಸ್ಥಗೊಳಿಸುತ್ತದೆ, ಉಪ್ಪನ್ನು ಹೊರಗೆ ತರುವುದಿಲ್ಲ. ಬಣ್ಣದ ಪುಡಿ ಹಚ್ಚಿ ಬೇಯಿಸುವ ಪೌಡರ್ ಕೋಟಿಂಗ್ ಮಾಡಿಸಿದರೆ 180–200 ಡಿಗ್ರಿ ಓವನ್ನಿನಲ್ಲಿ ಅದೇ ಸಂದಿನ ತೇವ ಆವಿಯಾಗಿ ಕೋಟಿಂಗಿನಲ್ಲಿ ಸೂಜಿತೂತುಗಳನ್ನು ಮಾಡುತ್ತದೆ.

ಇನ್ನೆರಡು ಅಡ್ಡದಾರಿಗಳಿವೆ. ಗ್ರೈಂಡರ್ ಹಿಡಿದರೆ ಕ್ರೋಮ್ ಗಟ್ಟಿ, ಉಕ್ಕು ಮೆದು. ಎಲ್ಲಿ ಕ್ರೋಮ್ ಹರಿಯಿತೋ ಅಲ್ಲಿ ಪೈಪೇ ಸವೆಯುತ್ತದೆ. ಕಾಸ್ಟಿಕ್ ಸೋಡಾ ನೀರಲ್ಲಿ ಬ್ಯಾಟರಿ ಚಾರ್ಜರ್ ಕಟ್ಟಿ ಕರೆಂಟ್ ಹರಿಸಿ ಕ್ರೋಮ್ ತೆಗೆಯುವುದು ಇದಕ್ಕಿಂತ ಅಪಾಯ. ನೀರು ಹಳದಿಯಾದರೆ ಅದು ಹೆಕ್ಸಾವಲೆಂಟ್ ಕ್ರೋಮಿಯಂ, ಕ್ಯಾನ್ಸರ್ ತರುವ ವಿಷ. ತಮಿಳುನಾಡಿನ ರಾಣಿಪೇಟೆಯಲ್ಲಿ ಅಂತರ್ಜಲ ಕೆಡಿಸಿರುವುದು ಇದೇ. ಈ ಹಳದಿ ನೀರಾಗಲಿ ಆಸಿಡ್ಡಿನ ಹಸಿರು ನೀರಾಗಲಿ ಬಚ್ಚಲಿಗೆ ಚೆಲ್ಲುವ ವಸ್ತುವಲ್ಲ. ಆಸಿಡ್ ಇದ್ದಲ್ಲಿ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ, ಅದನ್ನು ಹತ್ತಿರ ತರಲೇಬೇಡಿ.

ಅಸಲಿಗೆ ಕ್ರೋಮ್ ಗಟ್ಟಿಯಾಗಿ ಅಂಟಿಕೊಂಡಿದ್ದರೆ ತೆಗೆಯುವ ಅಗತ್ಯವೇ ಇಲ್ಲ. ಬಣ್ಣ ನಿಲ್ಲದಿರುವುದಕ್ಕೆ ಕಾರಣ ಅದರ ನುಣುಪು. ಮೊದಲು ಥಿನ್ನರ್ ಬಟ್ಟೆಯಿಂದ ಗ್ರೀಸು, ಪಾಲಿಶ್ ತೆಗೆಯಿರಿ. ಉಜ್ಜಿದ ಮೇಲೆ ಮಾತ್ರ ಒರೆಸಿದರೆ ಜಿಡ್ಡು ಗೀರುಗಳೊಳಗೇ ಕೂರುತ್ತದೆ. ಆಮೇಲೆ 180, ಬಳಿಕ 320 ನಂಬರಿನ ವಾಟರ್ ಪೇಪರ್, ನೀರು ಹಾಕಿಯೇ. ನಿಕ್ಕಲ್ ಧೂಳು ಉಸಿರಿಗೆ ಒಳ್ಳೆಯದಲ್ಲ. ಹೊಳಪು ಒಂದು ಚುಕ್ಕೆಯೂ ಉಳಿಯಬಾರದು. ಲಗ್ ಅಂಚು, ಬ್ರೇಕ್ ಬ್ರಿಡ್ಜ್ (ಬ್ರೇಕ್ ಕೂರುವ ಅಡ್ಡಪೈಪು) ಸುತ್ತ ಬೆರಳು ಹೋಗದ ಕಡೆಯೇ ಬಣ್ಣ ಮೊದಲು ಬಿಡುವುದು. ಒಣಗಿಸಿ, ಮತ್ತೆ ಒರೆಸಿ, ಅದೇ ದಿನ ಎರಡು ಡಬ್ಬಿಯದನ್ನು ಬೆರೆಸಿ ಮಾಡುವ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಅನುಪಾತ ಡಬ್ಬಿಯ ಮೇಲಿನದೇ, ಅಂದಾಜು ಬೇಡ.

ಕ್ರೋಮ್ ಹಪ್ಪಳೆ ಏಳುತ್ತಿದ್ದರೆ ಮಾತ್ರ ತೆಗೆಸಬೇಕು, ಅದೂ ಬೆಂಗಳೂರಿನ ಪೀಣ್ಯದಂಥ ಕಡೆ ಇರುವ ಪ್ಲೇಟಿಂಗ್ ಅಂಗಡಿಯಲ್ಲಿ. ಕೊಡುವಾಗಲೇ ‘ಕ್ರೋಮ್ ಹೋದರೆ ಸಾಕು, ಗಟ್ಟಿಯಿರುವ ನಿಕ್ಕಲ್ ಇರಲಿ’ ಎಂದು ಹೇಳಿ. ಬಾಟಮ್ ಬ್ರಾಕೆಟ್ ಕಪ್, ಆಕ್ಸಲ್, ಹ್ಯಾಂಡಲ್ ತಿರುಗುವ ಬೇರಿಂಗ್ ಆದ ಹೆಡ್‌ಸೆಟ್, ಅಲ್ಯೂಮಿನಿಯಂ ಭಾಗ ಎಲ್ಲ ಬಿಚ್ಚಿ ಮನೆಯಲ್ಲಿಡಿ. ಕಪ್, ಆಕ್ಸಲ್‌ಗಳಂಥ ಗಟ್ಟಿ ಉಕ್ಕು ಆಸಿಡ್ಡಿನಲ್ಲಿ ಹೈಡ್ರೋಜನ್ ಹೀರಿ ಆಮೇಲೆ ಪಟಕ್ಕನೆ ಮುರಿಯಬಹುದು.

ಇಡೀ ಫ್ರೇಮಿಗೆ ಬಣ್ಣ ಹೊಡೆಯುವ ಮೊದಲು ಬಾಟಮ್ ಬ್ರಾಕೆಟ್ ಅಡಿಯಲ್ಲಿ ಅಂಗೈ ಅಗಲ ಪ್ರೈಮರ್ ಹೊಡೆದು ವಾರ ಬಿಡಿ. ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಒತ್ತಿ ಎಳೆಯಿರಿ. ಚೌಕುಳಿಗಳು ಟೇಪಿನೊಂದಿಗೆ ಎದ್ದು ಬಂದರೆ ಮತ್ತೆ 180ರಿಂದ ಶುರು ಮಾಡಿ.