ಬಿಳಿ ಲೇಪನ ನೋಡಿ ಹಣ ಕೊಡಬೇಡಿ: ಹಳೆಯ ಕ್ಯಾಂಪರ್ ಟ್ರೇಲರಿನ ಛಾವಣಿ ದುರಸ್ತಿಯಲ್ಲಿ ನಾನು ಮೋಸಹೋದ ಬಗೆ

ಹಳೆಯ ಕ್ಯಾಂಪರ್ ಟ್ರೇಲರಿನ (ವಾಹನದ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಲು ಜಾಗವಿರುವ ಗಾಡಿಯ) ಛಾವಣಿ ಸೋರುತ್ತಿದೆಯೆಂದು ಯಾರನ್ನಾದರೂ ಕರೆಸುವ ಮುನ್ನ ದಯವಿಟ್ಟು ಇದನ್ನು ಓದಿ. ಕೆಲಸವನ್ನು ಕಣ್ಣಾರೆ ನೋಡದೆ, ಒಂದೇ ಒಂದು ಫೋಟೋ ನೋಡಿ ನಾನು ಪೂರ್ತಿ ಹಣ ಕೊಟ್ಟೆ. ಹೌದು, ಪೂರ್ತಿ ಹಣ. ಬರೆಯಲು ನಾಚಿಕೆಯಾಗುತ್ತದೆ.

ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್, ಅದಕ್ಕೆ ಅಂಟಿಸಿದ ರಬ್ಬರ್ ಹಾಳೆ: ನನ್ನ ಟ್ರೇಲರಿನ ಛಾವಣಿ ಇಷ್ಟೇ. ಹಾಸಿಗೆಯ ನೇರ ಮೇಲೆ ಛಾವಣಿಯ ಒಳಬದಿಯಲ್ಲಿ ಕಂದು ಕಲೆ ಕಾಣಿಸಿಕೊಂಡಾಗ ಬಂದು ನೋಡಿದ ದುರಸ್ತಿಗಾರರು, ಛಾವಣಿಯಲ್ಲಿರುವ ಗಾಳಿಕಿಂಡಿಯ ಚೌಕಟ್ಟನ್ನು ಬಿಚ್ಚಿ, ಒಣಗಿ ಬಿರುಕುಬಿಟ್ಟ ಹಳೆಯ ಅಂಟನ್ನು ಕೆರೆದು, ಚೌಕಟ್ಟಿನ ಕೆಳಗೆ ಹೊಸ ಬ್ಯುಟೈಲ್ ಟೇಪ್ (ನೀರು ನುಗ್ಗದಂತೆ ತಡೆಯುವ ಮೆತ್ತನೆಯ ಅಂಟುಪಟ್ಟಿ) ಹಾಕಿ, ಕೊಳೆತ ಪ್ಲೈವುಡ್ ಬದಲಿಸಿ, ಆಮೇಲೆಯೇ ನೀರು ತಡೆಯುವ ಬಿಳಿ ಲೇಪನ ಬಳಿಯುವುದಾಗಿ ಹೇಳಿದರು. ಎರಡನೆಯ ದಿನ ಸಂಜೆಗೇ ಫೋಟೋ ಬಂತು. ಛಾವಣಿ ಹೊಳೆಯುತ್ತಿತ್ತು. ಬೆಳ್ಳಗಿದ್ದುದನ್ನು ಹಾಲೆಂದೇ ನಂಬಿದೆ.

ಮೂರನೆಯ ಮಳೆಗೆ ಹಾಸಿಗೆ ಮತ್ತೆ ಒದ್ದೆಯಾಯಿತು. ಏಣಿ ಹಾಕಿ ಹತ್ತಿ ಗಾಳಿಕಿಂಡಿಯ ಅಂಚನ್ನು ಉಗುರಿನಿಂದ ಎಬ್ಬಿಸಿದೆ. ಲೇಪನವು ಕಾದ ಹಾಲಿನ ಕೆನೆಯಂತೆ ಸುರುಳಿಯಾಗಿ ಕೈಗೆ ಬಂತು, ಅದರಡಿಯಲ್ಲಿ ಅದೇ ಹಳೆಯ ಅಂಟು, ಅದೇ ಬಿರುಕು, ಅವುಗಳ ಮೇಲೆ ಒರೆಸದೆ ಬಿಟ್ಟ ಧೂಳು. ತುಕ್ಕು ಹಿಡಿದ ಒಂದು ಸ್ಕ್ರೂವನ್ನೂ ಬಿಚ್ಚಿರಲಿಲ್ಲ, ಸುತ್ತಲೂ ಸಿಲಿಕೋನ್ ಅಂಟು ಮೆತ್ತಿ ಅದರ ಮೇಲೆ ಬಳಿದುಬಿಟ್ಟಿದ್ದರು. ಹೆಬ್ಬೆರಳಿನಿಂದ ಒತ್ತಿದರೆ ಪ್ಲೈವುಡ್ ನೆನೆದ ರಟ್ಟಿನಂತೆ ಕುಸಿಯುತ್ತಿತ್ತು. ಒದ್ದೆ ಮರದ ಮೇಲೆ ಲೇಪನ ಬಿದ್ದರೆ ಒಳಗಿನ ನೀರು ಆರುವ ದಾರಿಯೂ ಮುಚ್ಚಿಹೋಗುತ್ತದೆ, ಆದ್ದರಿಂದ ನಾನು ಹಣ ಕೊಟ್ಟು ಮರ ಕೊಳೆಯುವುದನ್ನೇ ಹೆಚ್ಚಿಸಿಕೊಂಡಿದ್ದೆ. ಆ ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ನೆನಪಿಲ್ಲ.

ಕರೆ ಮಾಡಿದಾಗ ಮೊದಲ ಉತ್ತರ: "ಅದು ಸೋರಿಕೆಯಲ್ಲ ಸಾರ್, ನಿಮ್ಮ ಉಸಿರಿನ ಹಬೆ." ಹಾಸಿಗೆ ಹಿಂಡಿದರೆ ನೀರು ಇಳಿಯುತ್ತಿದೆ, ಇವರಿಗೆ ಅದು ಉಸಿರು! ಫೋಟೋ ಕಳಿಸಿದ ಮೇಲೆ ಎರಡನೆಯ ಉತ್ತರ: "ನೀವು ಗಾಡಿಯನ್ನು ರಸ್ತೆಗೆ ಇಳಿಸಿದ್ದೀರಿ, ಕುಲುಕಾಟಕ್ಕೆ ಬಿಟ್ಟಿದೆ." ಟ್ರೇಲರನ್ನು ರಸ್ತೆಗಲ್ಲದೆ ಇನ್ನೆಲ್ಲಿಗೆ ಇಳಿಸಬೇಕಿತ್ತು? ಪ್ಲೈವುಡ್ ಏಕೆ ಬದಲಿಸಲಿಲ್ಲವೆಂದು ಕೇಳಿದ್ದಕ್ಕೆ, "ಹಳೆಯ ಗಾಡಿ ಸಾರ್, ಬಿಚ್ಚಿದರೆ ಪೂರ್ತಿ ಬಿಚ್ಚಬೇಕಾಗುತ್ತಿತ್ತು" ಎಂದರು. ಅಂದರೆ ಕೊಳೆತಿರುವುದು ಅವರಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಬಳಿದರು.

ಗಾಳಿಕಿಂಡಿಯನ್ನು ಬಿಚ್ಚಿ ಬರಿ ಪ್ಲೈವುಡ್ ಕಾಣುವಂತೆ ತೆಗೆದ ಫೋಟೋ ಬರುವವರೆಗೆ ಲೇಪನಕ್ಕೆ ಒಪ್ಪಬೇಡಿ, ಸಾಧ್ಯವಾದರೆ ನೀವೇ ಹತ್ತಿ ಒತ್ತಿ ನೋಡಿ. ನೀರು ಒಳಗೆ ಚೌಕಟ್ಟಿನ ಗುಂಟ ಹರಿದು ಬೇರೆಲ್ಲೋ ತೊಟ್ಟಿಕ್ಕುವುದರಿಂದ, ಕಲೆಯ ನೇರ ಮೇಲೆಯೇ ತೂತಿದೆ ಎಂದು ಬೆರಳು ತೋರಿಸುವವರನ್ನೂ ನಂಬಬೇಡಿ. ಸಿಲಿಕೋನ್ ಟ್ಯೂಬು ಹಿಡಿದು ಬಂದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಿ: ಅದು ರಬ್ಬರ್ ಹಾಳೆಗೆ ಸರಿಯಾಗಿ ಕಚ್ಚುವುದಿಲ್ಲ, ಅದರ ಪಸೆ ಉಳಿದ ಜಾಗಕ್ಕೆ ಮುಂದೆ ಬೇರೆ ಅಂಟೂ ಹಿಡಿಯುವುದಿಲ್ಲ. ಕಳೆದ ಮೂರು ಭಾನುವಾರಗಳಿಂದ ನಾನು ಆ ಪಸೆಯನ್ನೇ ಕೆರೆಯುತ್ತಿದ್ದೇನೆ, ಇನ್ನೂ ಅರ್ಧ ಛಾವಣಿ ಬಾಕಿಯಿದೆ. ಹಣ ವಾಪಸು ಕೇಳಿ ಕಳಿಸಿದ ಸಂದೇಶವನ್ನು ಅವರು ಓದಿದ್ದಾರೆ, ಉತ್ತರ ಬಂದಿಲ್ಲ.