ಮಡಿಕೇರಿಯಲ್ಲಿ ಬೈನಾಕ್ಯುಲರ್ ದುರಸ್ತಿ: ಉಂಗುರದ ಅಂಚನ್ನೂ ನೋಡುವ ಅಂಗಡಿ

ಕೊಡಗಿನ ಮಳೆಗಾಲದಲ್ಲಿ ಮನೆಯೊಳಗಿನ ಗಾಳಿಯೂ ಒದ್ದೆಯಾಗಿಯೇ ಇರುವುದರಿಂದ, ಬೀರುವಿನಲ್ಲಿಟ್ಟ ಬೈನಾಕ್ಯುಲರ್‌ನ ಮಸೂರಗಳಿಗೆ ಬೂಷ್ಟು ಹಿಡಿಯುವುದು ಇಲ್ಲಿ ಹಕ್ಕಿ ನೋಡುವವರಿಗೆಲ್ಲ ಗೊತ್ತಿರುವ ಕಷ್ಟ. ಒರೆಸುವುದೇನೂ ದೊಡ್ಡ ಕೆಲಸವಲ್ಲ. ಮಸೂರವನ್ನು ಹಿಡಿದಿಟ್ಟಿರುವ, ಮರೆಯುಳ್ಳ (ತಿರುಪಿನಂತೆ ಸುತ್ತುಗೀರುಗಳಿರುವ) ಲೋಹದ ಉಂಗುರವನ್ನು ಬಿಚ್ಚಿ ಮತ್ತೆ ಕೂರಿಸುವಲ್ಲಿಯೇ ದುರಸ್ತಿ ಮಾಡುವವರ ನಿಜವಾದ ಪರೀಕ್ಷೆ ಇರುವುದು. ಮಡಿಕೇರಿ ಪೇಟೆಯಲ್ಲಿ ಕ್ಯಾಮೆರಾ, ಬೈನಾಕ್ಯುಲರ್‌ಗಳನ್ನು ಸರಿಪಡಿಸುವ ಒಂದು ಸಣ್ಣ ಅಂಗಡಿ ಈ ಪರೀಕ್ಷೆಯಲ್ಲಿ ಚೆನ್ನಾಗಿ ಗೆದ್ದಿದೆ.

ಇದಕ್ಕೆ ಮೊದಲು ನನ್ನ ಬೈನಾಕ್ಯುಲರನ್ನು ಬೇರೆ ಊರಿನ ಒಬ್ಬರಿಗೆ ಕೊಟ್ಟಿದ್ದೆ. ಗಾಜು ಫಳಫಳ ಹೊಳೆಯುತ್ತಾ ಬಂತು, ಆದರೆ ರಾತ್ರಿ ನಕ್ಷತ್ರ ನೋಡಿದರೆ ಚುಕ್ಕಿಯ ಬದಲು ಮೂರು ಮೂಲೆಯ ಕಲೆ ಕಾಣುತ್ತಿತ್ತು. ಮಸೂರದ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ, ಬಾಗಿದ ಬಿರುಕೂ ಇತ್ತು. ಮಡಿಕೇರಿಯ ಅಂಗಡಿಯವರು ಉಂಗುರವನ್ನು ಬಿಚ್ಚಿ, ಅದರ ಒಳಅಂಚಿನ ಮೇಲೆ ಉಗುರು ಆಡಿಸಿ, ಮೂರು ಕಡೆ ಲೋಹ ಉಬ್ಬಿರುವುದನ್ನು ಭೂತಗನ್ನಡಿಯಲ್ಲಿ ತೋರಿಸಿದರು. ಹಿಂದಿನವರ ಉಪಕರಣ ಜಾರಿ ಆದ ಗಾಯ ಅದು. ಮಸೂರದ ಸುತ್ತಲೂ ಸಮನಾಗಿ ಹಂಚಿಹೋಗಬೇಕಿದ್ದ ಒತ್ತಡವೆಲ್ಲ ಆ ಮೂರು ಬಿಂದುಗಳಲ್ಲಿ ನಿಂತು, ಗಾಜನ್ನು ಬಗ್ಗಿಸಿತ್ತು.

ಬಾಗಿದ ಎರಡು ಮೇಲ್ಮೈಗಳು ಒಂದನ್ನೊಂದು ಒತ್ತಿದಾಗ ಏನಾಗುತ್ತದೆ ಎಂಬುದನ್ನು ಮೊದಲು ಸರಿಯಾಗಿ ಲೆಕ್ಕ ಹಾಕಿದವರು, ಮುಂದೆ ರೇಡಿಯೋ ತರಂಗಗಳಿಂದ ಹೆಸರಾದ ಹೈನ್ರಿಶ್ ಹರ್ಟ್ಜ್. ಗಾಜಿನ ಮಸೂರಗಳ ನಡುವೆ ಕಾಣುವ ಬೆಳಕಿನ ಪಟ್ಟಿಗಳನ್ನು ಕುರಿತು ಯೋಚಿಸುತ್ತಿದ್ದಾಗ, ಒತ್ತಿದ ಮಸೂರಗಳ ಆಕಾರವೇ ಬದಲಾಗುತ್ತದಲ್ಲ ಎಂಬ ಪ್ರಶ್ನೆ ಅವರಿಗೆ ಹುಟ್ಟಿತು. 1882ರಲ್ಲಿ ಪ್ರಕಟವಾದ ಅವರ ಲೆಕ್ಕವನ್ನೇ ಬೇರಿಂಗ್ ಮಾಡುವವರೂ ಮಸೂರ ಕೂರಿಸುವವರೂ ಇಂದಿಗೂ ಬಳಸುತ್ತಾರೆ. ಆ ಲೆಕ್ಕದಂತೆ, ಉಂಗುರ ಸುತ್ತಲೂ ಗೆರೆಯಾಗಿ ತಾಗಿದ್ದರೆ, ಬಿಗಿತವನ್ನು ಎರಡು ಪಟ್ಟು ಮಾಡಿದರೂ ಸಂಪರ್ಕ ಪ್ರತಿಬಲ (ತಾಗಿದ ಜಾಗದಲ್ಲಿ ಗಾಜಿಗೆ ಬೀಳುವ ಒತ್ತಡದ ತೀವ್ರತೆ) ಏರುವುದು ಸುಮಾರು 1.4 ಪಟ್ಟು ಮಾತ್ರ. ಅಂಚಿನ ಆಕಾರದ ಪ್ರಭಾವ ಇದಕ್ಕಿಂತ ಎಷ್ಟೋ ಹೆಚ್ಚು. 50 ಮಿಲಿಮೀಟರ್ ವಕ್ರತಾ ತ್ರಿಜ್ಯದ ಪೀನ ಮೇಲ್ಮೈಯನ್ನು 0.05 ಮಿಲಿಮೀಟರ್ ತ್ರಿಜ್ಯದ ಚೂಪು ಅಂಚು ಒತ್ತಿದರೆ, ಅದೇ ಬಲದಲ್ಲಿ ಇಳಿಜಾರಾಗಿ ಕಡೆದ ಅಂಚು ಒತ್ತುವುದಕ್ಕಿಂತ ಸುಮಾರು 30 ಪಟ್ಟು ಪ್ರತಿಬಲ ಬರುತ್ತದೆ. ಗಾಜು ಅದುಮಿದರೆ ಬಹಳಷ್ಟು ತಾಳಿಕೊಳ್ಳುತ್ತದೆ, ಎಳೆತವನ್ನು ತಾಳುವುದಿಲ್ಲ. ಒತ್ತಿದ ಜಾಗದ ಅಂಚಿಗೆ ಹೊಂದಿ ಇಂಥ ಎಳೆತ ಹುಟ್ಟುವುದರಿಂದ ಬಿರುಕು ಶುರುವಾಗುವುದೂ ಅಲ್ಲಿಂದಲೇ. ಆದ್ದರಿಂದ "ಸ್ವಲ್ಪ ಸಡಿಲ ಬಿಟ್ಟಿದ್ದರೆ ಸಾಕಿತ್ತು" ಎಂಬ ಸಾಮಾನ್ಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ಅಂಚು ಕೆಟ್ಟಿದ್ದರೆ ಹದವಾದ ಬಿಗಿತವೂ ಗಾಜಿಗೆ ಅಪಾಯವೇ.

ಈ ಅಂಗಡಿಯವರು ಉಬ್ಬುಗಳನ್ನು ನಯವಾದ ಪೇಸ್ಟಿನಲ್ಲಿ ತಿಕ್ಕಿ ಇಳಿಸಿದರು. ಮಸೂರ ಕೂರುವ ಜಾಗವನ್ನು ಮೆದು ಮರದ ಕಡ್ಡಿಯಿಂದ ಸವರಿ, ಗಾಳಿ ಊದಿ, ಒಂದು ಮರಳಿನ ಕಣವೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಉಂಗುರ ತಿರುಗಿಸಿದರು. ಮೊದಲು ಹಿಂದಕ್ಕೆ ತಿರುಗಿಸಿ, ಮರೆ ಕೂಡಿದ ಸಣ್ಣ ಸದ್ದು ಕೇಳಿದ ಮೇಲೆ ಮುಂದಕ್ಕೆ ತಿರುಗಿಸಿ, ತಾಗಿದೊಡನೆ ನಿಲ್ಲಿಸಿ, ಕಿವಿಯ ಬಳಿ ಅಲ್ಲಾಡಿಸಿ ನೋಡಿ, ಆಮೇಲೆ ಇಷ್ಟೇ ಇಷ್ಟು ಬಿಗಿ ಮಾಡಿದರು. ಬಿರುಕು ಬಿಟ್ಟ ಮಸೂರ ಹಾಗೆಯೇ ಇದೆ, ಅದನ್ನು ಅವರು ಸರಿಮಾಡಲಾರರು. ಆದರೆ ನಕ್ಷತ್ರ ಈಗ ಚುಕ್ಕಿಯಾಗಿಯೇ ಕಾಣುತ್ತದೆ.

ಕೂಲಿ ನ್ಯಾಯವಾಗಿದೆ, ಕೆಲಸ ಶುರುಮಾಡುವ ಮೊದಲೇ ಹೇಳುತ್ತಾರೆ. ಕೊರತೆಗಳೂ ಇವೆ. ರಸೀದಿಯಲ್ಲಿ ಏನೇನು ಮಾಡಿದೆವೆಂದು ಬರೆದುಕೊಡುವ ಪದ್ಧತಿ ಇಲ್ಲ, ಅದು ಇರಲೇಬೇಕು. ಎರಡು ಕೊಳವೆಗಳನ್ನು ಒಂದೇ ದಿಕ್ಕಿಗೆ ಹೊಂದಿಸುವ ಸಲಕರಣೆ ಅವರಲ್ಲಿಲ್ಲ. ಆದ್ದರಿಂದ ಕೆಳಗೆ ಬಿದ್ದು ಜೋಡಿ ಚಿತ್ರ ಕಾಣುವ ಬೈನಾಕ್ಯುಲರನ್ನು ಇಲ್ಲಿಗೆ ಒಯ್ಯಬಾರದು. ಅಂಟಿಸಿದ ಜೋಡಿ ಮಸೂರದ ನಡುವೆ ಬೂಷ್ಟು ಇಳಿದಿದ್ದರೆ ಅವರೇ ಬೇಡವೆನ್ನುತ್ತಾರೆ. ಮಳೆ ನಿಂತೊಡನೆ ಗಿರಾಕಿಗಳು ಒಟ್ಟಿಗೆ ಬರುವುದರಿಂದ, ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯ ಹೊತ್ತಿಗೆ ಬೇಕೆನ್ನುವವರು, ಸೆಪ್ಟೆಂಬರ್‌ನಲ್ಲಿ ಬರುವ ಆಯುಧ ಪೂಜೆಯ ಹಬ್ಬ ಕೈಲ್ ಪೋದ್ ಮುಗಿದ ಕೂಡಲೇ ಕೊಡುವುದು ಒಳ್ಳೆಯದು.