ಮಾರ್ಚ್ ಕ್ಲೋಸಿಂಗ್ ಲೆಕ್ಕಕ್ಕೆ ತೆಗೆದುಕೊಂಡ ಓಟದ ಕೋಚ್

ನನಗೆ 47 ವರ್ಷ, ಬ್ಯಾಂಕ್ ಕೆಲಸ, ಎಡ ಮೊಣಕಾಲು ಆಗಾಗ ತಕರಾರು ಮಾಡುತ್ತದೆ. ಬೆಂಗಳೂರಿನ ವರ್ಲ್ಡ್ 10ಕೆ, ಅಂದ್ರೆ ಹತ್ತು ಕಿಲೋಮೀಟರ್ ಓಟ, ಓಡಲೇಬೇಕು ಅಂತ ಲಾಲ್‌ಬಾಗ್‌ನಲ್ಲಿ ತರಬೇತಿ ಕೊಡುವ ಒಬ್ಬ ಕೋಚ್ ಹತ್ತಿರ ಸೇರಿಕೊಂಡೆ. 2008ರಲ್ಲಿ ಶುರುವಾದಾಗ ಈ ಓಟ ಮೇ ತಿಂಗಳಲ್ಲಿತ್ತು. ಈಚೆಗೆ ಏಪ್ರಿಲ್ ಕೊನೆಗೆ ಬಂದಿದೆ. ಹಾಗಾಗಿ ತಯಾರಿಯ ಮುಖ್ಯ ವಾರಗಳೆಲ್ಲ ಮಾರ್ಚ್‌ನಲ್ಲೇ. ಬ್ಯಾಂಕಿನವರಿಗೆ ಮಾರ್ಚ್ ಅಂದ್ರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮೊದಲ ದಿನ ಅವರು ಓಡಿಸಲೇ ಇಲ್ಲ. ಕಲ್ಲುಬೆಂಚಿನ ಮೇಲೆ ಕೂರಿಸಿ ಪ್ರಶ್ನೆ ಕೇಳಿದರು. ರಾತ್ರಿ ಎಷ್ಟಕ್ಕೆ ಮಲಗುತ್ತೀರಿ? ಬೆಳಗಿನ ತಿಂಡಿ ಯಾರು ಮಾಡೋದು? ಮೊಣಕಾಲು ನೋಯುವುದು ಮೆಟ್ಟಿಲು ಹತ್ತುವಾಗಲೋ, ಇಳಿಯುವಾಗಲೋ? "ಮೇಡಂ, ಕ್ಲೋಸಿಂಗ್ ವಾರದಲ್ಲಿ ಎಷ್ಟು ಹೊತ್ತಿಗೆ ಮನೆಗೆ ಬರ್ತೀರಿ?" ಅಂತಲೂ ಕೇಳಿದರು. ಆಮೇಲೊಂದು ದಿನ ಕೂಪರ್ ಟೆಸ್ಟ್: 12 ನಿಮಿಷದಲ್ಲಿ ಎಷ್ಟು ದೂರ ಹೋಗಬಲ್ಲಿರಿ ಅಂತ ನೋಡುವುದು. ಇಷ್ಟಾದ ಮೇಲೆಯೇ ಪ್ಲಾನ್ ಬಂದಿದ್ದು, ಅದೂ ಎರಡೇ ವಾರದ್ದು. ಪೂರ್ತಿ ಮೂರು ತಿಂಗಳದ್ದು ಒಟ್ಟಿಗೆ ಕೊಡುವುದೇ ಇಲ್ಲ.

ವಾರಕ್ಕೆ ಮೂರು ಓಟ, ಎರಡು ದಿನ ಸ್ಟ್ರೆಂತ್ ವ್ಯಾಯಾಮ. ಓಟದಲ್ಲಿ ಒಂದೇ ದಿನ ಜೋರು. ಉಳಿದ ದಿನ ಮಾತಾಡುತ್ತಾ ಓಡಬೇಕು. ಪೂರ್ತಿ ವಾಕ್ಯ ಬಾಯಿಗೆ ಬರದಿದ್ದರೆ ವೇಗ ಜಾಸ್ತಿ ಅಂತ ಅರ್ಥ. ಭಾನುವಾರ ಉದ್ದದ ಓಟ. ನಾಲ್ಕನೇ ವಾರ ಬಂತೆಂದರೆ ದೂರ ಇಳಿಸುತ್ತಾರೆ. ಪ್ಲಾನ್ ಕೊಡುವ ಶೀಟಿನಲ್ಲಿ ನಾವು ತುಂಬಬೇಕಾದ ಎರಡು ಕಾಲಂ ಇರುತ್ತವೆ: ನಿದ್ದೆ ಎಷ್ಟು ಗಂಟೆ, ನೋವು ಹತ್ತಕ್ಕೆ ಎಷ್ಟು. ಸುಮ್ನೆ ಶಾಸ್ತ್ರಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ಮಾರ್ಚ್ ಕೊನೆಯ ವಾರ ಜೋರು ಓಟ ಪೂರ್ತಿ ತೆಗೆದು, 20 ನಿಮಿಷದ ಎರಡು ನಿಧಾನ ಓಟ ಮಾತ್ರ ಇಟ್ಟರು. ರೇಸ್‌ಗೆ ತಿಂಗಳೂ ಇಲ್ವಲ್ಲ ಸಾರ್ ಅಂತ ಜಗಳಕ್ಕೇ ನಿಂತೆ. "ನಿದ್ದೆ ಐದು ಗಂಟೆ ಅಂತ ನೀವೇ ಬರೆದಿದ್ದೀರಲ್ಲ" ಅಂದರು. ಮಾತು ಮುಗಿಯಿತು. ಹಿಂದೆ ಬಳಸಿದ ಒಂದು ಆ್ಯಪ್‌ಗೆ ನಾನು ಮಲಗಿದೆನೋ ಬಿಟ್ಟೆನೋ ಗೊತ್ತೇ ಆಗುತ್ತಿರಲಿಲ್ಲ. ಜ್ವರ ಬಂದ ದಿನವೂ ಎಂಟು ಕಿಲೋಮೀಟರ್ ಅಂತ ಟಿಂಗ್ ಅನ್ನುತ್ತಿತ್ತು.

ದೂರುಗಳೂ ಇವೆ. ಸ್ಟ್ರೆಂತ್ ವ್ಯಾಯಾಮಕ್ಕೆ ವಿಡಿಯೋ ಲಿಂಕ್ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಸ್ಕ್ವಾಟ್ ಮಾಡುವಾಗ ಮಂಡಿ ಒಳಕ್ಕೆ ಬಾಗುತ್ತಿದೆ ಅಂತ ತಿದ್ದಿದ್ದು ನಾನಾಗಿ ಹೋಗಿ ಮಾಡಿ ತೋರಿಸಿದ ಮೇಲೆ. ಡಯಟ್ ಚಾರ್ಟ್ ಅಂತೂ ಎಲ್ಲರಿಗೂ ಒಂದೇ ಪಿಡಿಎಫ್. ಓಟ್ಸ್, ಬ್ರೊಕೊಲಿ, ಆವಕಾಡೊ. ಓಟದ ಪ್ಲಾನಿಗೆ ನಮ್ಮ ಮನೆಯ ಅಡುಗೆ ಹೊತ್ತು ಕೇಳಿದವರು, ರಾಗಿಮುದ್ದೆ ತಿನ್ನುವವಳಾ ಅಂತ ಒಂದು ಮಾತು ಕೇಳಬಾರದಿತ್ತಾ?

ರೇಸ್ ದಿನ ಎಲ್ಲೂ ನಡೆಯದೆ ಪೂರ್ತಿ ಓಡಿದೆ, ಮೊಣಕಾಲು ಸುಮ್ಮನಿತ್ತು. ಮೂರು ತಿಂಗಳಿಗೆ 9,000 ರೂಪಾಯಿ, ಮೊದಲೇ ಕಟ್ಟಬೇಕು. ಬ್ಯಾಚ್ ಬೆಳಗ್ಗೆ ಆರಕ್ಕೆ ಮಾತ್ರ, ಸಂಜೆ ಇಲ್ಲ. ಶೀಟ್ ತುಂಬಲು ಬೇಜಾರು ಅನ್ನುವವರಿಗೆ ಇದು ದುಡ್ಡು ದಂಡ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.